ಶನಿವಾರದ ವಾರ್ಷಿಕೋತ್ಸವ

ಮಾರ್ಚ್ ೬

ಮರಿ,

ನಿನ್ನ ಕಾಗದ ಸೋಮವಾರವೇ ಬಂದಿತ್ತು. ಉತ್ತರ ಬರೆಯೋಣ ಎಂದು ಕೂತಾಗಲೆಲ್ಲ ಯಾರಾದರೊಬ್ಬರು ಬಾಗಿಲು ತಟ್ಟುತ್ತಾರೆ. ಈಗಲೂ ಸ್ಟಾಫ್ ರೂಮಿನಲ್ಲಿ ಒಂದು ಕಣ್ಣು ಕಿಟಕಿಯ ಆಚೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ವರ್ಷದ ಕೊನೆಗೆ ನಮ್ಮ ಶಾಲೆ ಹೇಗಿರುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ. ಮೈದಾನದಲ್ಲಿ ಮೂರನೇ ಕ್ಲಾಸಿನವರು ಡ್ರಿಲ್ ಕಲಿಯುತ್ತಿದ್ದಾರೆ, ಎಡ ಅಂದರೆ ಅರ್ಧ ಜನ ಬಲಕ್ಕೆ ತಿರುಗುತ್ತಾರೆ. ಒಂದನೇ ಕ್ಲಾಸಿನ ಹಾಡು ಗೋಡೆ ತೂರಿಕೊಂಡು ಬಂದು ಎಲ್ಲರ ತಲೆಯೊಳಗೆ ಕೂತುಬಿಟ್ಟಿದೆ. ಪ್ರಾರ್ಥನೆಯ ಚಾಪೆಲ್ ಬಾಗಿಲಲ್ಲಿ ಯಾರೋ ಬಣ್ಣದ ಡಬ್ಬಿ ಚೆಲ್ಲಿದ್ದಾರೆ.

ಈ ವರ್ಷವೂ ನಾಟಕ ನನ್ನ ಕೊರಳಿಗೇ ಬಿತ್ತು. ಒಂದು ಗಡಿಯಾರದ ಅಂಗಡಿ, ಅಲ್ಲಿ ಒಂದೊಂದು ಗಡಿಯಾರ ಒಂದೊಂದು ಹೊತ್ತು ತೋರಿಸುತ್ತದೆ, ಎಲ್ಲವೂ ತಾನೇ ಸರಿ ಎಂದು ಜಗಳಕ್ಕೆ ನಿಲ್ಲುತ್ತವೆ. ನಾನೇ ಬರೆದಿದ್ದು. ಐದನೇ ಕ್ಲಾಸಿನ ಮಕ್ಕಳಿಗೆ ಜಗಳದ ಪಾತ್ರ ಕೊಟ್ಟರೆ ಕಲಿಸುವ ಕಷ್ಟವೇ ಇಲ್ಲ. ಗುಬ್ಬಿ ಅಂತ ಒಬ್ಬಳಿದ್ದಾಳೆ, ಕ್ಲಾಸಿಗೆಲ್ಲ ಚಿಕ್ಕವಳು, ಅಮ್ಮ ಬಸ್ ಕಂಡಕ್ಟರ್. ಅವಳು ಕೈಗಡಿಯಾರ. ಇರೋದು ಒಂದೇ ಮಾತು, ಅದೂ ಕೇಳಿಸುವುದಿಲ್ಲ.

ಇನ್ನು ನೀನು ಬರೆದ ವಿಷಯ. ಕಾನ್ವೆಂಟಿನಲ್ಲಿ ಎರಡು ವರ್ಷದ ಅಭ್ಯಾಸ ಮುಗಿಯಿತು, ಏಪ್ರಿಲ್ ಇಪ್ಪತ್ತು ಶನಿವಾರ ಸನ್ಯಾಸದ ವ್ರತ ತೆಗೆದುಕೊಂಡು ಸಿಸ್ಟರ್ ಆಗುತ್ತೇನೆ ಎಂದು ಬರೆದಿದ್ದೀಯ. ನೋಡು ಹೇಗಾಯಿತು, ನಮ್ಮ ವಾರ್ಷಿಕೋತ್ಸವವೂ ಅದೇ ಶನಿವಾರ. ಉಸ್ತುವಾರಿ ಪೂರ್ತಿ ನನ್ನದು. ನಿಮ್ಮಪ್ಪ ಇಲ್ಲದಿದ್ದರೆ ಮೈಕೂ ಇಲ್ಲ, ಲೈಟೂ ಇಲ್ಲ. ಏನು ಮಾಡುವುದೋ ತಿಳಿಯದು.

ಬೆಲ್ ಹೊಡೆಯಿತು. ಹೊಟ್ಟೆ ತುಂಬ ಊಟ ಮಾಡು.

ನಿನ್ನ
ಅಮ್ಮ


ಮಾರ್ಚ್ ೧೪

ಅಮ್ಮ,

ನಿನ್ನ ಕಾಗದ ಓದಿದ ಮೇಲೆ ಶಾಲೆಯ ಗಲಾಟೆಯೆಲ್ಲ ಕಿವಿಯಲ್ಲೇ ಉಳಿಯಿತು. ಇಲ್ಲಿ ಮಾತಾಡುವ ಹೊತ್ತು ಕಡಿಮೆ, ಹಾಗಾಗಿ ಆ ಗಲಾಟೆಯನ್ನು ಇಡೀ ದಿನ ಇಟ್ಟುಕೊಂಡು ಓಡಾಡಿದೆ.

ನಾವು ನಾಲ್ವರು ಒಟ್ಟಿಗೆ ವ್ರತ ತೆಗೆದುಕೊಳ್ಳುತ್ತೇವೆ. ಉಳಿದವರ ಮನೆಯವರು ವ್ಯಾನ್ ಮಾಡಿಕೊಂಡು ಬರುತ್ತಾರಂತೆ. ಒಬ್ಬಳ ಅಜ್ಜಿ ಹೊಸ ಚಪ್ಪಲಿ ಕೊಂಡು, ಆ ದಿನ ಕಚ್ಚದಿರಲಿ ಎಂದು ಈಗಿನಿಂದಲೇ ಮನೆಯೊಳಗೆ ಹಾಕಿಕೊಂಡು ತಿರುಗುತ್ತಿದ್ದಾರಂತೆ. ಕೆಲಸ ಅಂದರೆ ಕೆಲಸ, ನನಗೆ ಅರ್ಥವಾಗುತ್ತದೆ. ಅಪ್ಪ ಆ ಮೊಣಕಾಲು ಇಟ್ಟುಕೊಂಡು ಏಣಿ ಹತ್ತದಂತೆ ನೋಡಿಕೋ.

ನಮ್ಮನ್ನು ನೋಡಿಕೊಳ್ಳುವ ಹಿರಿಯ ಸಿಸ್ಟರ್ ಕಾಗದ ಓದಿಯೇ ಅಂಚೆಗೆ ಹಾಕುವುದು. ಅದಕ್ಕೇ ಅಕ್ಷರ ಇಷ್ಟು ದುಂಡಗಿದೆ, ಗಾಬರಿಯಾಗಬೇಡ.

ಒಂದು ಕೇಳಬೇಕು ಅನ್ನಿಸಿತು. ನಾನು ಆ ಶಾಲೆಯಲ್ಲಿ ಓದಿದ ಅಷ್ಟೂ ವರ್ಷ ವಾರ್ಷಿಕೋತ್ಸವ ಶುಕ್ರವಾರ ಆಗುತ್ತಿತ್ತು. ಶನಿವಾರ ಯಾವಾಗ ಆಯಿತು?

ನಿನ್ನ
ಮರಿ


ಮಾರ್ಚ್ ೨೩

ಮರಿ,

ಕ್ರೀಡಾ ದಿನ ಮುಗಿಯಿತು, ಗಂಟಲು ಕೆಟ್ಟು ಕೂತಿದ್ದೇನೆ. ಗೋಣಿಚೀಲದ ಓಟದಲ್ಲಿ ಇಬ್ಬರು ಒಂದೇ ಚೀಲಕ್ಕೆ ಇಳಿದು ಬಿದ್ದರು, ಯಾರ ಕಾಲು ಯಾರದು ಎಂದು ಬಿಡಿಸುವಷ್ಟರಲ್ಲಿ ಓಟವೇ ಮುಗಿಯಿತು. ನಿಮ್ಮಪ್ಪನ ಮೈಕು ದೊಡ್ಡ ಸಿಸ್ಟರ್ ಮಾತಾಡುವಾಗ ಮಾತ್ರ ಕಿರುಚುತ್ತಿತ್ತು. ಬೇಕೆಂದೇ ಮಾಡಿದಿರಾ ಎಂದು ಕೇಳಿದೆ. ಅವರು ಗಂಭೀರವಾಗಿ ವೈರ್ ನೋಡುತ್ತ ಕೂತರು.

ದೊಡ್ಡ ಸಿಸ್ಟರ್ ಈ ವರ್ಷ ಹೊಸದಾಗಿ ಬಂದವರು, ಹೆಡ್‌ಮಿಸ್ಟ್ರೆಸ್. ನೀನು ಸೇರುತ್ತಿರುವ ಸನ್ಯಾಸಿನಿಯರ ಸಭೆಯವರೇ. ಒಳ್ಳೆಯವರು, ಸ್ವಲ್ಪ ಅವಸರ.

ತಾಯಂದಿರ ಓಟಕ್ಕೆ ಗುಬ್ಬಿಯ ಅಮ್ಮ ಯೂನಿಫಾರ್ಮಿನಲ್ಲೇ ಬಂದಳು. ಎರಡು ಟ್ರಿಪ್ಪಿನ ನಡುವೆ ಬಿಡುವು ಮಾಡಿಕೊಂಡಿದ್ದಳಂತೆ. ಟಿಕೆಟ್ ಚೀಲ ಹೆಗಲ ಮೇಲೇ ಇತ್ತು, ಓಡುವಾಗ ಚಿಲ್ಲರೆ ಜಣಜಣ ಅನ್ನುತ್ತಿತ್ತು. ಗೆದ್ದಳು. ಬಹುಮಾನಕ್ಕೂ ನಿಲ್ಲದೆ ಹಾಗೇ ಗೇಟಿನ ಆಚೆ ಓಡಿಹೋದಳು. ಗ್ಲಾಸಿನ ಜಾರ್ ಗುಬ್ಬಿ ಹೊತ್ತುಕೊಂಡು ಹೋದಳು.

ಕ್ಲಾಸ್ ಫೋಟೋ ತೆಗೆಸಿದೆವು. ನಾನು ಕಣ್ಣು ಮುಚ್ಚಿದ್ದೇನೆ. ಇನ್ನೊಂದು ತೆಗೆಯೋಣ ಎಂದರು, ನಾನೇ ಬೇಡ ಎಂದೆ. ನಾಟಕದ ಗಡಿಯಾರಗಳಿಗೆ ರಟ್ಟು ಸಾಲುತ್ತಿಲ್ಲ. ಮುಳ್ಳುಗಳನ್ನು ಕತ್ತರಿಸುತ್ತ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ, ಸದ್ಯಕ್ಕೆ ನನಗೆ ಬೇಕಾಗಿರುವುದೂ ಅದೇ.

ನೀನು ಕೇಳಿದ್ದಕ್ಕೆ: ಶನಿವಾರವಾದರೆ ತಂದೆತಾಯಂದಿರಿಗೆ ಅನುಕೂಲ.

ಅಮ್ಮ


ಏಪ್ರಿಲ್ ೩

ಮರಿ,

ದೊಡ್ಡ ಸಿಸ್ಟರ್‌ಗೆ ನೀನು ಬರೆದೆಯಾ? ನೇರವಾಗಿ ಕೇಳುತ್ತಿದ್ದೇನೆ, ನೇರವಾಗಿ ಹೇಳು.

ಇವತ್ತು ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಎಲ್ಲ ಟೀಚರುಗಳನ್ನೂ ನಿಲ್ಲಿಸಿಕೊಂಡು, ವಾರ್ಷಿಕೋತ್ಸವ ಶುಕ್ರವಾರಕ್ಕೆ ಬದಲಾಗಿದೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಮಗಳ ದಿನ ಅಂತ ನನಗೆ ಮೊದಲೇ ಹೇಳಬಾರದಿತ್ತಾ ಟೀಚರ್" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಡ್ಯಾನ್ಸ್ ಟೀಚರ್ ಬಂದು ತಬ್ಬಿಕೊಂಡಳು. ನಾನೂ ಹಲ್ಲು ಬಿಡಬೇಕಾಯಿತು. ನಿನಗೆ ಗೊತ್ತಲ್ಲ, ನನಗೆ ಅದು ಎಷ್ಟು ಬರುತ್ತದೆ ಅಂತ.

ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂದಿತ್ತು. ಈಗ ಐದನೇ ಕ್ಲಾಸಿನವರು ಸಾಲಾಗಿ ಕೂತು ಒಂದೊಂದರಲ್ಲೂ ಶನಿವಾರ ಹೊಡೆದು ಶುಕ್ರವಾರ ಬರೆಯುತ್ತಿದ್ದಾರೆ. ಒಂದೊಂದು ಗೀಟೂ ನನ್ನ ಮೇಲೇ ಎಳೆದ ಹಾಗಿದೆ.

ಶುಕ್ರವಾರವಾದ ಮಾತ್ರಕ್ಕೆ ಶನಿವಾರ ನನಗೆ ಬಿಡುವು ಅಂತಲ್ಲ. ವೇಷದ ಬಟ್ಟೆ ಹಿಂದಿರುಗಿಸಬೇಕು, ಕುರ್ಚಿ ಕಳಿಸಬೇಕು, ಹಾಲ್ ತೊಳೆಸಬೇಕು. ಇದನ್ನೂ ನಿನ್ನ ಹಿರಿಯ ಸಿಸ್ಟರ್ ಓದಿಕೊಳ್ಳಲಿ.

ಅಮ್ಮ


ಏಪ್ರಿಲ್ ೬

ಮಗಳೇ,

ನಾನು ಕಾಗದ ಬರೆಯುವವನಲ್ಲ, ತಪ್ಪಿದ್ದರೆ ಹೊಂದಿಸಿಕೊಂಡು ಓದು. ದೊಡ್ಡ ಸಿಸ್ಟರ್‌ಗೆ ಹೇಳಿದವನು ನಾನು.

ಶಾಲೆಯ ಹಾಲ್‌ನ ವೈರಿಂಗ್ ನೋಡಲು ಹೋಗಿದ್ದೆ. ಏಪ್ರಿಲ್ ಇಪ್ಪತ್ತಕ್ಕೆ ನಾನು ಸಿಗೋದಿಲ್ಲ, ಮೈಕಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಸಿಸ್ಟರ್ ಎಂದೆ. ಯಾಕೆ ಎಂದು ಕೇಳಿದರು. ನನ್ನ ಮಗಳು ವ್ರತ ತೆಗೆದುಕೊಳ್ಳುತ್ತಾಳೆ ಎಂದೆ. ಅವರು ಅಲ್ಲೇ ಇದ್ದ ಚಿಕ್ಕ ಮಕ್ಕಳ ಬೆಂಚಿನ ಮೇಲೆ ಕೂತುಬಿಟ್ಟರು. ನಿನ್ನ ಕಾಗದ ಬಂದ ಮರುದಿನವೇ ಮೀಟಿಂಗಿನಲ್ಲಿ ಶನಿವಾರ ಇಡೋಣ ಅಂತ ಎದ್ದು ನಿಂತು ಹೇಳಿದವಳು ನಿಮ್ಮಮ್ಮನೇ ಅಂತ ನನಗೆ ಆಗಲೇ ಗೊತ್ತಾಗಿದ್ದು. ಅದನ್ನು ಸಿಸ್ಟರ್ ಯಾರ ಮುಂದೆಯೂ ಆಡಲಿಲ್ಲ. ದೊಡ್ಡ ಮನಸ್ಸು.

ನಿನ್ನೆ ನಿಮ್ಮಮ್ಮನಿಗೆ ನಾನೇ ಹೇಳಿದೆ. ಈಗ ಮನೆಯಲ್ಲಿ ಮಾತು ಬಂದ್. ತಟ್ಟೆ ಮೇಜಿನ ಮೇಲೆ ಬಂದು ಬೀಳುತ್ತದೆ, ಉಪ್ಪು ಬೇಕಾದರೆ ನಾನೇ ಎದ್ದು ಹೋಗಬೇಕು. ಇಷ್ಟು ವರ್ಷ ಅವಳ ಮಾತಿಗೆ ತಲೆಯಾಡಿಸಿಕೊಂಡೇ ಬಂದವನು, ಒಂದು ಸಲ ಆಡಿಸಲಿಲ್ಲ. ಅಷ್ಟಕ್ಕೇ ಕುತ್ತಿಗೆ ನೋಯುತ್ತಿದೆ.

ಅವಳನ್ನು ತಪ್ಪು ತಿಳಿಯಬೇಡ. ಮೊದಲೆಲ್ಲ ಮನೆಯ ನಡುಕೋಣೆಯಲ್ಲಿ ಕೂತು ಹೊಲಿಗೆ ಮಾಡುತ್ತಿದ್ದಳು. ಈಗ ನಿನ್ನ ಕೋಣೆಗೆ ಹೋಗಿ, ನಿನ್ನ ಮಂಚದ ಮೇಲೆ ಕೂತು ಹೊಲಿಯುತ್ತಾಳೆ.

ನಾನಂತೂ ಬರುತ್ತೇನೆ. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡಾದರೂ.

ಇಂತಿ
ಅಪ್ಪ


ಏಪ್ರಿಲ್ ೯

ಅಮ್ಮ,

ಅಪ್ಪನ ಮೇಲೆ ಸಿಟ್ಟು ಸಾಕು. ಅಪ್ಪ ಹೇಳದಿದ್ದರೆ ನಾನೇ ದೊಡ್ಡ ಸಿಸ್ಟರ್‌ಗೆ ಬರೆಯುತ್ತಿದ್ದೆನೋ ಏನೋ.

ಈ ಕಾಗದವನ್ನು ಓದದೆ ಕಳಿಸಬಹುದಾ ಎಂದು ಹಿರಿಯ ಸಿಸ್ಟರನ್ನು ಕೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಲಕೋಟೆಯನ್ನು ನನ್ನ ಕೈಗೇ ಕೊಟ್ಟು, ಅಂಟಿಸಿ ತಾ ಎಂದರು. ಹಾಗಾಗಿ ಅಕ್ಷರ ಈ ಸಲ ದುಂಡಗಿಲ್ಲ.

ನನಗೆ ನಿದ್ದೆ ಸರಿಯಾಗಿಲ್ಲ. ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ಕೂತರೆ ಚಾಕು ತಾನಾಗಿ ನಿಂತುಬಿಡುತ್ತದೆ. ಪ್ರಾರ್ಥನೆಗೆ ಕೂತರೆ ಕಾಲು ಅಲ್ಲಾಡಿಸುತ್ತೇನೆ ಅಂತ ಪಕ್ಕದವಳು ಚಿವುಟುತ್ತಾಳೆ. ಒಂದು ದಿನ, ಇದೇ ನನ್ನ ಜಾಗ, ಇನ್ನೆಲ್ಲಿಗೂ ಹೋಗುವುದು ಬೇಡ ಅನ್ನಿಸುತ್ತದೆ. ಮರುದಿನ ಗೇಟಿನ ಹತ್ತಿರ ಕಸ ಗುಡಿಸುವಾಗ ಬಸ್ಸು ಹೋದರೆ, ಪೊರಕೆ ಹಿಡಿದು ನೋಡುತ್ತ ನಿಲ್ಲುತ್ತೇನೆ. ಆ ಬಸ್ಸು ಹತ್ತಿ ಮನೆಗೆ ಬಂದರೆ ನೀನು ಖುಷಿಪಡುತ್ತೀಯ, ನನಗೆ ಗೊತ್ತು. ಒಂದು ವಾರ ಖುಷಿಪಡುತ್ತೀಯ. ಆಮೇಲೆ, ಲೆಕ್ಕ ಅರ್ಧಕ್ಕೆ ಬಿಟ್ಟು ಎದ್ದುಹೋದ ಹುಡುಗಿಯನ್ನು ನೋಡುವ ಹಾಗೆ ನೋಡುತ್ತೀಯ. ನಿನ್ನ ಕ್ಲಾಸಿನಲ್ಲಿ ಕೂತು ಒಂದು ವರ್ಷ ಪೂರ್ತಿ ನಿನ್ನನ್ನು 'ಟೀಚರ್' ಎಂದು ಕರೆದವಳು ನಾನು. ಆ ನೋಟ ನನಗೆ ಚೆನ್ನಾಗಿ ಗೊತ್ತು.

ಒಪ್ಪಿಕೋ ಅಂತ ಕೇಳುತ್ತಿಲ್ಲ. ಮುಖ ಊದಿಸಿಕೊಂಡೇ ಬಂದು ಕೂತಿರು. ಇಲ್ಲಿ ಎಲ್ಲರೂ ನನಗೆ ಒಳ್ಳೆಯ ಮಾತೇ ಹೇಳುತ್ತಾರೆ. ಬೇಡ ಅನ್ನುವವಳು ನೀನೊಬ್ಬಳೇ. ನೀನು ಎದುರಿಗೆ ಕೂತಿದ್ದಾಗಲೂ ನನ್ನ ಬಾಯಿಂದ ಹೌದು ಅಂತ ಬಂದರೆ, ಅದು ನಿಜ ಅಂತ ನನಗೇ ನಂಬಿಕೆಯಾಗುತ್ತದೆ. ಬರದಿದ್ದರೆ, ಅದೂ ಅಲ್ಲೇ ಗೊತ್ತಾಗಲಿ.

ಇನ್ನೊಂದು. ಯಾಕೆ ಬೇಡ ಅಂತ ನೀನು ಇವತ್ತಿನವರೆಗೂ ಹೇಳಿಲ್ಲ. ನಾನು ಮನೆ ಬಿಡುವ ದಿನ ಕೂಡ ನೀನು ತಿಕ್ಕಿದ ಪಾತ್ರೆಯನ್ನೇ ಮತ್ತೆ ಮತ್ತೆ ತಿಕ್ಕುತ್ತ ನಿಂತಿದ್ದೆ. ಈಗಲಾದರೂ ಹೇಳು.

ಮರಿ


ಏಪ್ರಿಲ್ ೧೪

ಮರಿ,

ಪ್ರಶ್ನೆಪತ್ರಿಕೆ ತೆಗೆದವಳ ಹಾಗೆ ಕೇಳಿದ್ದೀಯ. ಸರಿ, ಬರೆಯುತ್ತೇನೆ. ನಾಲ್ಕು ಸಲ ಎದ್ದು ನಾಲ್ಕು ಸಲ ಕೂತಾಯಿತು. ಸ್ಟವ್ ಮೇಲೆ ಹಾಲಿದೆ ಅಂತ ಓಡಿದೆ, ಹಾಲೇ ಇಟ್ಟಿರಲಿಲ್ಲ.

ಶನಿವಾರ ಇಡೋಣ ಎಂದವಳು ನಾನೇ. ಅದು ನಿನಗೆ ಮೊದಲ ಕಾಗದದಲ್ಲೇ ತಿಳಿದಿತ್ತು.

ನೀನು ಸಿಸ್ಟರುಗಳನ್ನು ಕ್ಲಾಸಿನಲ್ಲಿ ನೋಡಿದ್ದೀಯ, ಚಾಪೆಲ್‌ನಲ್ಲಿ ಹಾಡುವಾಗ ನೋಡಿದ್ದೀಯ. ನಾನು ಅವರ ಪಕ್ಕದ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದವಳು. ನಿನಗೆ ದಾರದಲ್ಲಿ ಹೂವು ಮಾಡಲು ಕಲಿಸಿದ ನಾಲ್ಕನೇ ಕ್ಲಾಸಿನ ಸಿಸ್ಟರ್ ನೆನಪಿರಬೇಕು. ಅವರ ತಾಯಿ ತೀರಿಕೊಂಡಾಗ ಊರು ದೂರ, ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ವಾಪಸು ಬಂದ ಮರುದಿನವೇ ಭಾಗಾಕಾರ ಹೇಳಿಕೊಟ್ಟರು. ನಾನು ಹಾಜರಿ ಕೇಳಲು ಅವರ ಬಾಗಿಲಿಗೆ ಹೋಗಿದ್ದೆ. ಶೇಷ ಬರೆಯುವಾಗ ಸೀಮೆಸುಣ್ಣ ಮುರಿದು ಬಿತ್ತು. ಬಗ್ಗಿ ತೆಗೆದುಕೊಂಡರು. ಮಕ್ಕಳ ಕಡೆ ತಿರುಗುವ ಮೊದಲು ಬೋರ್ಡಿಗೆ ಮುಖ ಮಾಡಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು, ಮರಿ. ಮಕ್ಕಳು ಲೆಕ್ಕ ಬರೆದುಕೊಳ್ಳುತ್ತಿದ್ದವು.

ಸಿಸ್ಟರುಗಳಿಗೆ ವರ್ಗವಾದಾಗ ಬೀಳ್ಕೊಡುಗೆ ಏರ್ಪಾಡು ಮಾಡುವವಳೂ ನಾನೇ. ಹೂಗುಚ್ಛ ತರಿಸುತ್ತೇನೆ, ಹಾಡು ಹೇಳಿಸುತ್ತೇನೆ, ಎರಡು ಮಾತು ಆಡುತ್ತೇನೆ. ಅವರು ಒಂದೇ ಪೆಟ್ಟಿಗೆ ಹಿಡಿದು ಗೇಟು ದಾಟುತ್ತಾರೆ. ಸೋಮವಾರ ಹೊಸಬರು ಬಂದಿರುತ್ತಾರೆ, ಮಕ್ಕಳು ಅವರ ಸುತ್ತ ಮುತ್ತಿಕೊಂಡಿರುತ್ತವೆ. ನಾನೂ ಅವರಿಗೆ ಕಾಫಿ ತಂದುಕೊಡುತ್ತೇನೆ. ಹೋದವರನ್ನು ಯಾರೂ ಮರೆಯಬೇಕೆಂದು ಮರೆಯುವುದಿಲ್ಲ, ಮರೆತುಹೋಗುತ್ತದೆ ಅಷ್ಟೇ.

ಯಾವುದೋ ಶಾಲೆಯಲ್ಲಿ, ನನ್ನಂಥ ಯಾವಳೋ ಒಬ್ಬ ಟೀಚರ್ ನಿನಗೆ ಹೂಗುಚ್ಛ ಕೊಡಿಸಿ, ಸೋಮವಾರ ಇನ್ನೊಬ್ಬರಿಗೆ ಕಾಫಿ ಕೊಡುತ್ತಾಳೆ. ಅದನ್ನು ಯೋಚಿಸಿದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ನಿನಗೆ ಜ್ವರ ಬಂದರೆ ಬಾಗಿಲು ತೆಗೆದು ಒಳಗೆ ಬರುವವರು ಯಾರು? ದೇವರು ನೋಡಿಕೊಳ್ಳುತ್ತಾನೆ ಅನ್ನಬೇಡ. ನಾನೂ ಚರ್ಚಿನ ಪೂಜೆಗೆ ಹೋಗುವವಳೇ. ಆದರೂ ಕೇಳುತ್ತೇನೆ.

ಇದೇ ಕಾರಣ. ಬೇರೇನೂ ಇಲ್ಲ.

ಶನಿವಾರದ ಬಗ್ಗೆ ಏನೂ ಹೇಳಲಾರೆ. ಗೋಡೆ ಗಡಿಯಾರ ಆಗಬೇಕಾದ ಹುಡುಗನಿಗೆ ಮಂಗನಬಾವು ಬಂದಿದೆ. ಅವನ ಮಾತೆಲ್ಲ ಬೇರೆಯವನಿಗೆ ಕಲಿಸಬೇಕು.

ಅಮ್ಮ


ಏಪ್ರಿಲ್ ೧೯, ಶುಕ್ರವಾರ ಸಂಜೆ

ಮರಿ,

ವಾರ್ಷಿಕೋತ್ಸವ ಮುಗಿಯಿತು. ಕಾಲು ಬಿಸಿನೀರಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಬೆಳಿಗ್ಗೆ ಕೃತಜ್ಞತಾ ಪೂಜೆ. ಫಾದರ್ ಉಪದೇಶವನ್ನು ಚಿಕ್ಕದು ಮಾಡುತ್ತೇನೆ ಎಂದರು, ಮಾಡಲಿಲ್ಲ. ಆಮೇಲೆ ಬಹುಮಾನ. ಒಂದನೇ ಕ್ಲಾಸಿನವನೊಬ್ಬ ಬಹುಮಾನ ಇಸಿದುಕೊಂಡವನು ವೇದಿಕೆಯಿಂದ ಇಳಿಯಲು ಒಪ್ಪಲೇ ಇಲ್ಲ, ಅಲ್ಲೇ ಕೂತು ಕಾಗದ ಬಿಚ್ಚಿದ. ನಾಟಕದ ನಡುವೆ ಮೈಕು ಸತ್ತಿತು. ನಿಮ್ಮಪ್ಪ ಏಣಿ ಹತ್ತಲಿಲ್ಲ, ನಿನ್ನ ಮಾತು ಹೇಳಿದ್ದೆ. ಮಕ್ಕಳು ಮೈಕಿಲ್ಲದೆ ಕಿರುಚಿ ಜಗಳವಾಡಿದರು, ಇನ್ನೂ ಚೆನ್ನಾಯಿತು.

ಗುಬ್ಬಿಯದು ಕೊನೆಯ ಮಾತು. ಎಲ್ಲ ಗಡಿಯಾರಗಳೂ ಸುಸ್ತಾಗಿ ಸುಮ್ಮನಾದ ಮೇಲೆ ಅವಳು ಮುಂದೆ ಬರಬೇಕು. ಬಂದಳು. ಬಂದು, ಬಾಯಿ ತೆರೆಯದೆ ಜನರ ಸಾಲುಗಳನ್ನು ಒಂದೊಂದಾಗಿ ಹುಡುಕುತ್ತ ನಿಂತಳು. ನಾನು ಪರದೆಯ ಹಿಂದಿನಿಂದ ಮಾತು ಎತ್ತಿಕೊಟ್ಟೆ. ಊಹೂಂ. ಜನ ಕೆಮ್ಮತೊಡಗಿದರು. ಅಷ್ಟರಲ್ಲಿ ಹಾಲ್‌ನ ಹಿಂದಿನ ಬಾಗಿಲು ತೆರೆದುಕೊಂಡಿತು. ಅವಳ ಅಮ್ಮ, ಅದೇ ಯೂನಿಫಾರ್ಮು, ಅದೇ ಚೀಲ. ಒಳಗೆ ಜಾಗವಿರಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು, ಕೈ ಕೂಡ ಎತ್ತಲಿಲ್ಲ. ಗುಬ್ಬಿ ನೋಡಿದಳು. "ಈಗ ಸರಿಯಾದ ಹೊತ್ತು" ಅಂದಳು. ನಾನು ಬರೆದ ಮಾತು ಅದೇ. ಆದರೆ ಅದು ನನಗೆ ಕೇಳಿಸಿದ್ದು ಇದೇ ಮೊದಲು.

ಮುಗಿದ ಕೂಡಲೇ ಬಾಗಿಲಿಗೆ ಹೋದೆ. ಹೊರಗೆ ಬಸ್ಸು ನಿಂತಿತ್ತು. ಪ್ರಯಾಣಿಕರು ಕಿಟಕಿಯಿಂದ ತಲೆ ಹಾಕಿ ಬೈಯುತ್ತಿದ್ದರು. ಇಬ್ಬರು ಅವಳ ಹಿಂದೆಯೇ ಇಳಿದು ಬಂದು ನಾಟಕದ ಕೊನೆಯನ್ನೂ ನೋಡಿದ್ದರು. ಇಷ್ಟು ಕಷ್ಟಪಟ್ಟು ಬಂದಿರಿ, ಒಂದು ಮಾತು ಮಾತ್ರ ಸಿಕ್ಕಿತಲ್ಲ, ನಾಟಕ ನಿಮಗೆ ನೋಡಲೇ ಆಗಲಿಲ್ಲ ಎಂದೆ.

"ನಾನು ನೋಡದಿದ್ರೂ ಪರವಾಗಿಲ್ಲ ಟೀಚರ್. ಅವಳು ನನ್ನ ನೋಡಿದಳಲ್ಲ" ಅಂದವಳೇ ಓಡಿಹೋಗಿ ಬಸ್ಸಿಗೆ ರೈಟ್ ಕೊಟ್ಟಳು.

ಶಾಲೆ ಮುಗಿಸಿದ ಐದನೇ ಕ್ಲಾಸಿನವರನ್ನು ಕಳಿಸಿಕೊಟ್ಟೆವು. ಕೈಯಲ್ಲಿ ಮೇಣದಬತ್ತಿ, ಒಬ್ಬೊಬ್ಬರಾಗಿ ದೊಡ್ಡ ಬಾಗಿಲಿನ ಆಚೆ ಹೋದರು. ಪ್ರತಿ ವರ್ಷ ಇದನ್ನು ಸಲೀಸಾಗಿ ಮಾಡಿ ಮುಗಿಸುವವಳು ನಾನು. ಈ ಸಲ ನನ್ನ ಬದಲು ದೊಡ್ಡ ಸಿಸ್ಟರೇ ಮಕ್ಕಳ ಹೆಸರು ಕರೆಯಬೇಕಾಯಿತು.

ಬಟ್ಟೆ, ಕುರ್ಚಿ ಎಲ್ಲ ಡ್ಯಾನ್ಸ್ ಟೀಚರ್ ನೋಡಿಕೊಳ್ಳುತ್ತಾಳಂತೆ. ನಿಮ್ಮಪ್ಪ ಚೀಲಕ್ಕೆ ತಮ್ಮ ಅಂಗಿ ತುಂಬಿಕೊಂಡರು, ನನ್ನನ್ನು ಕೇಳದೆ ನನ್ನ ಬಟ್ಟೆಯನ್ನೂ ಇಟ್ಟರು. ನಾನು ಅದನ್ನು ಹೊರಗೆ ತೆಗೆದೆ. ಇಸ್ತ್ರಿ ಮಾಡದ ಬಟ್ಟೆ ಉಟ್ಟು ಹೋಗಲಿಕ್ಕಾಗುತ್ತದಾ? ಈಗ ಇಸ್ತ್ರಿಪೆಟ್ಟಿಗೆ ಕಾಯುತ್ತಿದೆ.

ಈ ಕಾಗದಕ್ಕೆ ಸ್ಟಾಂಪು ಹಚ್ಚುತ್ತಿಲ್ಲ.

ಅಮ್ಮ


ಏಪ್ರಿಲ್ ೨೮

ಅಮ್ಮ,

ನೀನು ಕೈಯಲ್ಲಿ ತುರುಕಿ ಹೋದ ಕಾಗದ ಓದಿದೆ. ಅಡುಗೆಮನೆಯಲ್ಲಿ ಉಳಿದ ಮೂವರಿಗೂ ಓದಿ ಹೇಳಿದೆ. ಗುಬ್ಬಿಯ ಮಾತು ಈಗ ಇಲ್ಲಿ ಎಲ್ಲರ ಬಾಯಲ್ಲಿ. ಆಲೂಗಡ್ಡೆ ಬೆಂದರೂ ಅದೇ ಮಾತು.

ನೀನು ಒಪ್ಪಿಲ್ಲ, ಅದು ನಿನ್ನ ಮುಖದಲ್ಲಿ ದೂರಕ್ಕೇ ಕಾಣುತ್ತಿತ್ತು. ಹಿರಿಯ ಸಿಸ್ಟರ್ ನನ್ನ ಹೆಸರು ಕರೆದಾಗ ಎದ್ದು 'ಇಗೋ ಬಂದೆ' ಅನ್ನಬೇಕಿತ್ತು. ಎದ್ದೆ, ದನಿ ಬರಲಿಲ್ಲ. ನಿನ್ನ ಕಡೆ ನೋಡಿದೆ. ಹೂಂ ಅನ್ನುತ್ತೀಯ, ಇಲ್ಲವೇ 'ಬಾ, ಮನೆಗೆ ಹೋಗೋಣ' ಅನ್ನುತ್ತೀಯ ಅಂದುಕೊಂಡೆ. ನೀನು ಎರಡೂ ಮಾಡಲಿಲ್ಲ. ಅವಸರ ಮಾಡಿಸದೆ, ಕಣ್ಣು ಕೀಳದೆ, ಕಾಯುತ್ತ ಕೂತಿದ್ದೆ. ಅಪ್ಪ ಆಗಲೇ ಅಳುತ್ತಿದ್ದ. ನನ್ನ ಕಾಲು ಅಲ್ಲಾಡುವುದು ನಿಂತಿತು. ಆಮೇಲೆ ಹೇಳಿದೆ.

ಹೊರಗೆ ನೀನು ತಬ್ಬಿಕೊಂಡ ರಭಸಕ್ಕೆ ಮುಸುಕಿನ ಪಿನ್ನು ಕಿವಿಗೆ ಚುಚ್ಚಿತು. 'ತೆಳ್ಳಗಾಗಿದ್ದೀಯ' ಅಂತ ಮಾತ್ರ ಹೇಳಿ ನೀನು ಹೊರಟೆ. ಬಸ್ಸಿನಲ್ಲಿ ಅಳುತ್ತಿದ್ದೆಯಂತೆ. ಅಪ್ಪ ಬರೆದ.

ಈಗ ಎಲ್ಲ ಶಾಂತವಾಗುತ್ತದೆ ಅಂದುಕೊಂಡಿದ್ದೆ. ಇಲ್ಲ. ನನ್ನನ್ನು ಕಳಿಸುವ ಊರು ಹೇಳಿದ್ದಾರೆ. ದೂರ, ರೈಲಿನಲ್ಲಿ ಎರಡು ದಿನ. ಅಲ್ಲಿನ ಶಾಲೆಯಲ್ಲಿ ಒಂದನೇ ಕ್ಲಾಸು ನನ್ನದು. ನೀನು ಬರೆದ ಹಾಗೇ, ಒಂದೇ ಪೆಟ್ಟಿಗೆ. ಜ್ವರ ಬಂದರೆ ಬಾಗಿಲು ತೆಗೆಯುವವರು ಯಾರು ಅಂತ ಕೇಳಿದ್ದೆಯಲ್ಲ, ನನಗೆ ಅದಕ್ಕೆ ಉತ್ತರ ಗೊತ್ತಿಲ್ಲ. ಸುಳ್ಳು ಹೇಳಲಾರೆ.

ಅಷ್ಟು ಚಿಕ್ಕ ಮಕ್ಕಳನ್ನು ನಾನು ಒಂದು ದಿನವೂ ಒಬ್ಬಳೇ ಹಿಡಿದವಳಲ್ಲ. ಮೊದಲ ದಿನ ಏನು ಮಾಡಬೇಕು, ಅಮ್ಮ?

ಮರಿ


ಮೇ ೫

ಮರಿ,

ಶಾಲೆ ಖಾಲಿಯಾಗಿದೆ. ನಾನೊಬ್ಬಳೇ ಗೋಡೆಯ ಚಿತ್ರಗಳನ್ನು ಕೀಳುತ್ತಿದ್ದೇನೆ. ಮನೆಯಲ್ಲಿ ಕೂತರೆ ನಿಮ್ಮಪ್ಪನ ಜೊತೆ ಜಗಳ ತೆಗೆಯುತ್ತೇನೆ ಅಂತ ಇಲ್ಲಿಗೆ ಬಂದೆ. ನಾನಿನ್ನೂ ಒಪ್ಪಿಲ್ಲ. ಇಷ್ಟು ಹೇಳಿ, ಕೆಲಸದ ಮಾತಿಗೆ ಬರುತ್ತೇನೆ.

ಮೊದಲ ದಿನ ಪಾಠ ಮಾಡಲು ಹೋಗಬೇಡ. ಬಚ್ಚಲು ಎಲ್ಲಿದೆ ಅಂತ ತೋರಿಸು, ಎರಡು ಸಲ ತೋರಿಸು. ಬೀರುವಿನಲ್ಲಿ ಬದಲಿ ಚಡ್ಡಿಗಳು ಇರಲಿ. ಎತ್ತರದ ಲೆಕ್ಕದಲ್ಲಿ ಕೂರಿಸಬೇಡ, ಗೆಳೆತನ ನೋಡಿಕೊಂಡು ಕೂರಿಸು, ಒಂದು ವಾರದ ಮೇಲೆ ಬದಲಾಯಿಸಬಹುದು. ಮೂಲೆಯಲ್ಲಿ ಸದ್ದಿಲ್ಲದೆ ಕೂತಿರುವವನ ಹತ್ತಿರ ಮೊದಲು ಹೋಗು, ಗಲಾಟೆ ಮಾಡುವವರು ತಾವೇ ನಿನ್ನ ಹತ್ತಿರ ಬರುತ್ತಾರೆ. ದನಿ ಏರಿಸಬೇಡ. ಒಂದು ಸಲ ಏರಿಸಿದರೆ ವರ್ಷ ಪೂರ್ತಿ ಏರಿಸಬೇಕಾಗುತ್ತದೆ. ಜ್ವರ ಬಂದರೆ ಮುಚ್ಚಿಡದೆ ಬಾಗಿಲು ತೆರೆದಿಟ್ಟುಕೊಂಡು ಮಲಗು. ಅದು ಮಕ್ಕಳಿಗಲ್ಲ, ನಿನಗೆ.

ಅಳುವ ಮಕ್ಕಳು ಇದ್ದೇ ಇರುತ್ತವೆ. ಅಮ್ಮ ಬೇಕು ಅನ್ನುತ್ತವೆ. 'ಅಮ್ಮ ಈಗ ಬರ್ತಾಳೆ' ಅಂತ ಮಾತ್ರ ಹೇಳಬೇಡ. ಎಲ್ಲರೂ ಹೇಳುವುದು ಅದನ್ನೇ, ಮಗು ಬಾಗಿಲು ನೋಡಿ ನೋಡಿ ಇನ್ನೂ ಅಳುತ್ತದೆ. ಯಾವಾಗ ಬರ್ತಾಳೋ ಅದನ್ನೇ ಸರಿಯಾಗಿ ಹೇಳು. ಊಟವಾದ ಮೇಲೆ, ಎರಡನೇ ಬೆಲ್ ಹೊಡೆದ ಮೇಲೆ, ಹಾಗೆ. ಗೊತ್ತಾದರೆ ಮಕ್ಕಳು ತಡೆದುಕೊಳ್ಳುತ್ತವೆ.

ನಾನು ಅಕ್ಟೋಬರ್ ರಜೆಯ ಮೊದಲ ಭಾನುವಾರ, ಮಧ್ಯಾಹ್ನದ ರೈಲಿಗೆ ಬರುತ್ತೇನೆ.

ನಿನ್ನ
ಅಮ್ಮ